ಸಿಡಿಲಿನ ಅಳತೆ

ಆ ದಿನದ ಅನಾಹುತಕ್ಕೆಲ್ಲ ಕಾರಣ ಓಂಕಾರಮೂರ್ತಿ ಮೇಷ್ಟ್ರ ಎರಡು ತೋರುಬೆರಳು. ಮಿಂಚು ಕಂಡರೆ ಸಾಕು, ಅವು ತಾವಾಗಿಯೇ ಹೋಗಿ ಕಿವಿಯಲ್ಲಿ ಕೂತುಬಿಡುತ್ತಿದ್ದವು. ಕಿವಿ ತೆರೆದವರ ತಲೆಯೊಳಕ್ಕೇ ಸಿಡಿಲು ಇಳಿಯುತ್ತದೆಂದು ಚಿಕ್ಕಂದಿನಲ್ಲಿ ಅಜ್ಜಿ ಕತೆ ಹೇಳಿದ್ದಳು. ವಿಜ್ಞಾನದ ಮೇಷ್ಟ್ರಾಗಿ ಹತ್ತು ವರ್ಷವಾದರೂ ಅಜ್ಜಿ ಒಳಗಿಂದ ಎದ್ದುಹೋಗಿರಲಿಲ್ಲ.

೧೯೭೮ರ ಏಪ್ರಿಲ್ ಮಧ್ಯಾಹ್ನ. ಹಿರೇನಲ್ಲೂರಿನ ರಾಗಿ ಕಣದ ಚಪ್ಪರದಡಿ ಮೇಷ್ಟ್ರು ಇಸ್ತ್ರಿ ಪಂಚೆಯಲ್ಲಿ ನಿಂತಿದ್ದರು. ಮೂರು ಗಂಟೆಯ ಬಸ್ಸು ಹಿಡಿದು ತರೀಕೆರೆಗೆ ಹೆಣ್ಣು ನೋಡಲು ಹೋಗಬೇಕು. ಇದು ನಾಲ್ಕನೆಯದು, ಐದನೆಯದು ಹುಡುಕಲಾರೆನೆಂದು ತಾಯಿ ಕೈಮುಗಿದಿದ್ದರು. ಬಸ್ಸು ನಿಲ್ಲುವ ಹುಣಸೆಮರ ಬಯಲಿನಾಚೆ, ಸಾವಿರ ಅಡಿ ದೂರ. ಬಯಲಿನ ಮೇಲೆ ಎಮ್ಮೆ ಹಿಂಡಿನಂಥ ಮೋಡ.

ಜೊತೆಗಿದ್ದವರು ರಾಗಿ ಕೇರುವ ಅಂಜಿನಮ್ಮ, ಕೊಳಗದಲ್ಲಿ ಅಳೆದು ಹಾಕುವ ಸಣ್ಣಬೀರಪ್ಪ, ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತ ಯಾರೋ ಪರಸ್ಥಳದವರು.

"ಬೀರಪ್ಪ, ಮಿಂಚು ಮೊದ್ಲು ಬರುತ್ತೆ, ಗುಡುಗು ಹಿಂದಿಂದ ನಡ್ಕೊಂಡು ಬರುತ್ತೆ. ನಡುವೆ ನಿಧಾನಕ್ಕೆ ಎಣಿಸ್ತಾ ಹೋಗು. ಒಂದು ಎಣಿಕೆಗೆ ಸಾವಿರದ ನೂರಡಿ. ಹತ್ತು ದಾಟಿದ್ರೆ ಓಡ್ತೀನಿ. ನಾನೇ ಎಣಿಸೋಣ ಅಂದ್ರೆ ಕಿವಿ ಮುಚ್ಚಿರುತ್ತೆ."

"ಮೂವತ್ತು ವರ್ಷದಿಂದ ಕೊಳಗ ಹಿಡ್ದೋನಿಗೆ ಎಣಿಸೋದು ಹೇಳ್ಕೊಡ್ತೀರಾ ಮೇಷ್ಟ್ರೇ?"

ಮಿಂಚಿತು. ಬೆರಳು ಕಿವಿಗೆ ಹೋದವು, ಕಣ್ಣು ಮುಚ್ಚಿದವು; ಆಮೇಲೆ ಹೊತ್ತು ಎಷ್ಟು ಹೋಯಿತೆಂಬ ಲೆಕ್ಕ ಅವರಿಗಿರುತ್ತಿರಲಿಲ್ಲ. ಪಾದದಡಿ ನೆಲ ಗುಡುಗುಡಿಸಿದ ಮೇಲೆ ಮೇಷ್ಟ್ರು ಮೆಲ್ಲಗೆ ಕಿವಿ ಬಿಟ್ಟರು. "ಎಷ್ಟು?"

ಬೀರಪ್ಪ ಒಂದು ಬೆರಳೆತ್ತಿದ. "ಲಾಭ."

ಕಾಳು ಅಳೆಯುವವರು ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಅಷ್ಟು ಮೇಷ್ಟ್ರಿಗೂ ಗೊತ್ತು. ಒಂದೇ ಎಣಿಕೆ ಎಂದರೆ ಸಿಡಿಲು ಹುಣಸೆಮರದ ನೆತ್ತಿಯ ಮೇಲೇ ಕೂತಿದೆ.

ಮತ್ತೆ ಮಿಂಚಿತು. "ಲಾಭ." ಮತ್ತೊಮ್ಮೆ. "ಲಾಭ."

ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಅಂಜಿನಮ್ಮ ಮಂಕರಿಯನ್ನು ತಲೆಗೇರಿಸಿದಳು.

"ಹೋಗ್ಬೇಡ ಕಣಮ್ಮ, ಮರದ ಹತ್ರ ಸಿಡಿಲು ಕಾಯ್ತಿದೆ."

"ಕಾಯ್ಲಿ ಬಿಡಿ. ಬಸ್ಸು ಕಾಯಲ್ವಲ್ಲ."

ಅವಳು ಬಯಲು ದಾಟಿದಳು, ಬಸ್ಸು ಹತ್ತಿದಳು. ಬಸ್ಸು ಹೋಯಿತು.

ಆಗ ಮೂಲೆಯ ಗೋಣಿಚೀಲ ಮಾತಾಡಿತು. "ಅಲ್ಲಯ್ಯಾ, ಪ್ರತಿ ಸಲಾನೂ ಇಪ್ಪತ್ತು ಸಲ ಲಾಭ, ಲಾಭ, ಲಾಭ ಅಂತೀಯ. ಎರಡಕ್ಕೆ ಯಾಕೆ ಹೋಗ್ಲಿಲ್ಲ?"

"ಎಲ್ಡನೇ ಕೊಳಗ ತುಂಬ್ದೆ ಎಲ್ಡು ಅನ್ನಾಕಾಯ್ತದಾ ಸ್ವಾಮಿ? ತುಂಬೋಗಂಟ ಅದ್ನೇ ಹೇಳ್ತಿರ್ಬೇಕು. ಇಲ್ದಿದ್ರೆ ಅಳತೆ ಸುಳ್ಳಾಯ್ತದೆ."

ಮೇಷ್ಟ್ರು ಕುಸಿದು ರಾಗಿ ರಾಶಿಯ ಮೇಲೆ ಕೂತರು. ಇಪ್ಪತ್ತು ಎಣಿಕೆ. ಸಿಡಿಲು ಇಷ್ಟು ಹೊತ್ತೂ ನಾಲ್ಕು ಮೈಲಿಯಾಚೆ ತನ್ನ ಪಾಡಿಗೆ ತಾನಿತ್ತು.

ಆ ಮನುಷ್ಯ ಚೀಲ ಕೊಡವಿ ಎದ್ದರು. "ನಾನು ತೀರ್ಥಪ್ಪ, ತರೀಕೆರೆ ಹುಡುಗಿಯ ಸೋದರಮಾವ. ಹುಡುಗ ಹೆಂಗೆ, ಗುಟ್ಟಾಗಿ ನೋಡ್ಕೊಂಡು ಬಾ ಅಂತ ಭಾವ ಕಳ್ಸಿದ್ರು. ನೋಡಿದ್ದಾಯ್ತು. ನನ್ನ ತೀರ್ಮಾನ ಇಲ್ಲೇ ಹೇಳ್ಬಿಡ್ತೀನಿ, ಕೇಳಿ..."

ಮಿಂಚಿತು.

ಮೇಷ್ಟ್ರು ಕಿವಿ ಬಿಟ್ಟು ಕಣ್ಣು ತೆರೆಯುವಷ್ಟರಲ್ಲಿ ತೀರ್ಥಪ್ಪನವರು ಕೈಚೀಲ ಬೀಸುತ್ತ ಬಯಲಿನ ನಡುವೆ ಸಾಗಿದ್ದರು. ಓಡಿಹೋಗಿ ಕೇಳೋಣವೆಂದರೆ ಆ ಬಯಲು, ಆ ಮೋಡ.

"ಬೀರಪ್ಪ, ಏನಂದ್ರು ಅವ್ರು? ಹೂಂ ಅಂದ್ರಾ, ಉಹೂಂ ಅಂದ್ರಾ?"

ಎಣಿಸುವಾಗ ಬೇರೆ ಮಾತಿಗೆ ಕಿವಿಗೊಟ್ಟವನಲ್ಲ ಬೀರಪ್ಪ. ಗಂಭೀರವಾಗಿ ಒಂದು ಬೆರಳೆತ್ತಿದ.

"ಲಾಭ."