ಹಗೇವಿನಲ್ಲಿ ‘ಸುರಂಗದ ಸಂಚು’

ಯುದ್ಧದ ವರ್ಷ, ಅಂದರೆ ೧೯೬೫ರಲ್ಲಿ, ಹರಿಹರದ ನೆಲದಡಿಯಲ್ಲಿ ಶತ್ರುಗಳು ಅಡಗಿದ್ದಾರೆಂಬ ಮಾತನ್ನು ಅಲ್ಲಗಳೆಯಲು ಯಾರಿಂದಲೂ ಆಗಲಿಲ್ಲ. ಅಲ್ಲಗಳೆಯಬೇಕಾದರೆ ಕೆಳಗಿಳಿದು ನೋಡಬೇಕಿತ್ತು; ಇಳಿಯುವುದನ್ನು ಭೂಗತ ವಿಧ್ವಂಸ ನಿವಾರಣಾ ಸಮಿತಿ ನಿಷೇಧಿಸಿತ್ತು.

ಹರಿಹರದಲ್ಲಿ ಗಣಿ ಇಲ್ಲ, ಸುರಂಗವೂ ಇಲ್ಲ. ಇರುವುದು ಹಗೇವು: ನೆಲ ತೋಡಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದ ಗುಂಡಿ. ಊರಲ್ಲೇ ದೊಡ್ಡ ಹಗೇವು ಧಾನ್ಯದ ವ್ಯಾಪಾರಿ ಮುರುಗೇಶಪ್ಪನವರದು. ಪಕ್ಕದ ಹಳ್ಳಿ ಕೊಕ್ಕನೂರಿನ ರೈತರು ಸುಗ್ಗಿಯಲ್ಲಿ ತಮ್ಮ ಜೋಳವನ್ನು ಅದರಲ್ಲೇ ಇಟ್ಟು, ಬೇಕಾದಾಗ ತೆಗೆಸಿಕೊಳ್ಳುತ್ತಿದ್ದರು. ಆ ವರ್ಷ ಜೋಳದ ಧಾರಣೆ ಏರಿತ್ತು. ಮುರುಗೇಶಪ್ಪನವರು ಕಾರು ಕೊಂಡಿದ್ದರು. ಎರಡಕ್ಕೂ ಸಂಬಂಧವಿಲ್ಲವೆಂದು ಅವರೇ ಹೇಳಿದ್ದರಿಂದ ಆ ವಿಷಯವನ್ನು ಇಲ್ಲಿ ಎತ್ತುವುದಿಲ್ಲ.

ಅದೇ ಹೊತ್ತಿಗೆ ದಾವಣಗೆರೆಯಲ್ಲಿ ಜಮಾಲುದ್ದೀನ್ ಸಾಹೇಬರ ಟೆಂಟಿನಲ್ಲಿ ‘ಸುರಂಗದ ಸಂಚು’ ಎಂಬ ಸಾಹಸ ಚಿತ್ರ ಓಡುತ್ತಿತ್ತು. ಓಡುತ್ತಿತ್ತು ಎನ್ನುವುದು ಔದಾರ್ಯದ ಮಾತು. ಕಥೆಗೇನೂ ಕೊರತೆ ಇರಲಿಲ್ಲ. ದುಷ್ಟನೊಬ್ಬ ಗಣಿಯೊಳಗೆ ಸಿಡಿಮದ್ದು ಇಡುತ್ತಾನೆ. ನಾಯಕ ಹಾಡು ಹೇಳುತ್ತಾ ಇಳಿದು, ಉರಿಯುವ ಬತ್ತಿಯನ್ನು ಹಲ್ಲಿನಿಂದ ಕಚ್ಚಿ ಆರಿಸುತ್ತಾನೆ. ಕೊನೆಗೆ ಗಣಿಯ ಧಣಿ ಆನಂದಬಾಷ್ಪ ಸುರಿಸುತ್ತಾ ಕೂಲಿಕಾರರಿಗೆಲ್ಲ ತನ್ನ ಮನೆಯಲ್ಲಿ ಊಟ ಹಾಕಿಸುತ್ತಾನೆ. ಆದರೆ ಪಕ್ಕದ ಟೆಂಟಿನಲ್ಲಿ ದೇವರ ಚಿತ್ರ ಹಾಕಿದ್ದರು, ಜನವೆಲ್ಲ ಅಲ್ಲಿತ್ತು. ಇಲ್ಲಿ ಸೇರಿದ ಪ್ರೇಕ್ಷಕವರ್ಗವೆಂದರೆ, ಪೇಟೆಗೆ ಬಂದು ಬಿಸಿಲಿಗೆ ದಣಿದು ಒಳಗೆ ನುಗ್ಗಿದ ಮುರುಗೇಶಪ್ಪನವರು. ಅವರು ಮೊದಲು ನಿದ್ದೆ ಮಾಡಿದರು. ಸಿಡಿಮದ್ದಿನ ಸದ್ದಿಗೆ ಎಚ್ಚರವಾದಾಗ ದೇಶಭಕ್ತರಾಗಿದ್ದರು.

ಮರುದಿನವೇ ಸಮಿತಿ ಹುಟ್ಟಿತು. ಅಧ್ಯಕ್ಷರು ಅವರೇ, ಕಾರ್ಯದರ್ಶಿ ಅವರ ಮಂಡಿಯ ಗುಮಾಸ್ತ ಕರಿಬಸವರಾಜ. ಸಮಿತಿಗೆ ಅಧಿಕಾರ ಕೊಟ್ಟವರು ಯಾರೆಂದು ಯಾರೂ ಕೇಳಲಿಲ್ಲ, ಏಕೆಂದರೆ ಅದಕ್ಕೆ ರಬ್ಬರ್ ಮೊಹರು ಇತ್ತು. ಡಂಗುರ ಹೊಡೆಸಿ ಸಾರಿದ ಪ್ರಕಟಣೆ ಹೀಗಿತ್ತು:

“ನೆಲದಡಿ ವಿಧ್ವಂಸಕ ಕೃತ್ಯದ ಭೀತಿ ಇರುವ ಕಾರಣ, ‘ಭೂಗತ ವೀರ’ ಪ್ರಮಾಣಪತ್ರ ಇಲ್ಲದ ಯಾರೂ ಹಗೇವು ತೆರೆಯತಕ್ಕದ್ದಲ್ಲ. ಪ್ರಮಾಣಪತ್ರ ಬೇಕಾದವರು ‘ಸುರಂಗದ ಸಂಚು’ ಚಿತ್ರವನ್ನು ಆದ್ಯಂತ ನೋಡಿ, ಮೌಖಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗತಕ್ಕದ್ದು. ಇಲ್ಲಿ ಹೇಳದೆ ಬಿಟ್ಟ ಎಲ್ಲ ಸಂಗತಿಗಳಲ್ಲಿ ಚಿತ್ರದಲ್ಲಿ ನಡೆದಂತೆಯೇ ನಡೆಯತಕ್ಕದ್ದು.”

ಕೊನೆಯ ವಾಕ್ಯ ಕರಿಬಸವರಾಜನದು. ಅದಿಲ್ಲದಿದ್ದರೆ ನಿಯಮಕ್ಕೆ ಗಾಂಭೀರ್ಯ ಬರುವುದಿಲ್ಲ ಎಂದು ಅವನಿಗೆ ಅನ್ನಿಸಿತ್ತು. ಅಧ್ಯಕ್ಷರು ಓದದೆ ರುಜು ಹಾಕಿದರು. ಚಿತ್ರದ ಪೆಟ್ಟಿಗೆ ಅಂದೇ ರೈಲು ಹತ್ತಲಿದೆ ಎಂಬುದು ಅವರಿಗೆ ಗೊತ್ತಿತ್ತು. ಹಗೇವು ತಪಾಸಣೆಗೆಂದು ಬಂದ ಸರ್ಕಾರಿ ಅಧಿಕಾರಿಯೊಬ್ಬರು ಸಿಡಿಮದ್ದಿನ ಸುದ್ದಿ ಕೇಳಿ, ಮಜ್ಜಿಗೆ ಕುಡಿದು, ತಪಾಸಣೆ ತೃಪ್ತಿಕರವೆಂದು ಬರೆದು ಹೋದರು.

ಕೊಕ್ಕನೂರಿನ ಉಡಚಮ್ಮ ಬಂದದ್ದು ಆ ಸಂಜೆ. ಮಗಳು ಓಬಕ್ಕನ ಮದುವೆ ಮುಂದಿನ ಸೋಮವಾರ. ಬೀಗರಿಗೆ ರೊಟ್ಟಿ ಬಡಿಯಲು ಮನೆಯಲ್ಲಿ ಜೋಳವಿರಲಿಲ್ಲ. ಇದ್ದುದೆಲ್ಲ ಹಗೇವಿನಲ್ಲಿತ್ತು.

“ನನ್ನ ಜೋಳ ನನಗೆ ಕೊಡ್ರಿ ಯಜಮಾನ್ರೇ.”

“ಕೊಡಂಗಿಲ್ಲ ಅಂತೀನೇನವ್ವ? ಒಳಗೆ ಶತ್ರು ಅದಾನ. ನಿನ್ನ ಜೀವ ಮುಖ್ಯ ಐತೆ ನನಗೆ.”

“ಶತ್ರು ನನ್ನ ಜೋಳ ತಿಂದಾನು, ಬೇಗ ತೆಗೀರಿ.”

“ಪ್ರಮಾಣಪತ್ರ ತಗೊಂಡು ಬಾ,” ಎಂದರು ಮುರುಗೇಶಪ್ಪನವರು, ಬಹಳ ಮೃದುವಾಗಿ.

ಉಡಚಮ್ಮ ಅಲ್ಲಿಂದಲೇ ದಾವಣಗೆರೆಗೆ ಹೋದಳು. ಜಮಾಲುದ್ದೀನ್ ಸಾಹೇಬರು ಚಿತ್ರದ ಪೆಟ್ಟಿಗೆಯನ್ನು ಟಾಂಗಾಕ್ಕೆ ಏರಿಸುತ್ತಿದ್ದರು.

“ಮಂದಿ ಇಲ್ಲದ ಸಿನಿಮಾ ಯಾರಿಗೆ ತೋರಿಸ್ಲಿ ತಾಯಿ?”

“ಮಂದಿ ನಾನು ತರ್ತೀನಿ. ಪೆಟ್ಟಿಗೆ ಇಳಿಸ್ರಿ.”

ಕೊಕ್ಕನೂರಿನ ಎಲ್ಲರ ಜೋಳವೂ ಅದೇ ಹಗೇವಿನಲ್ಲಿತ್ತಲ್ಲ, ಹೀಗಾಗಿ ಮಾರನೆಯ ದಿನ ಊರಿಗೆ ಊರೇ ಬಂಡಿ ಕಟ್ಟಿಕೊಂಡು ಟೆಂಟಿಗೆ ಬಂತು. ಸಾಲುಗಟ್ಟಿ ನಿಂತ ಬಂಡಿಗಳನ್ನು ಕಂಡು, ಇಲ್ಲೇನೋ ವಿಶೇಷ ಇರಬೇಕೆಂದು ದೇವರ ಚಿತ್ರದ ಜನ ದೇವರನ್ನು ಬಿಟ್ಟು ಇತ್ತ ನುಗ್ಗಿದರು. ಪ್ರಪಂಚವೇ ಕಡೆಗಣಿಸಿದ್ದ ಚಿತ್ರಕ್ಕೆ ಚಾಪೆ ಹಾಸಲೂ ಜಾಗವಿಲ್ಲದಂತಾಯಿತು. ಜಮಾಲುದ್ದೀನ್ ಸಾಹೇಬರು ಗೇಟಿನಲ್ಲಿ ನಿಂತು ಅತ್ತೇಬಿಟ್ಟರು, ಪಾಪ.

ಪರೀಕ್ಷೆ ಮಂಡಿಯ ಕಟ್ಟೆಯ ಮೇಲೆ ನಡೆಯಿತು.

“ಗಣಿಗೆ ಇಳಿಯೋ ಮುಂಚೆ ನಾಯಕ ಏನು ಮಾಡಿದ?” ಎಂದು ಕರಿಬಸವರಾಜ ಕೇಳಿದ.

“ಹಾಡು ಹೇಳಿದ,” ಎಂದಳು ಉಡಚಮ್ಮ.

“ಯಾಕ?”

“ಅದು ಅವನಿಗೂ ಗೊತ್ತಿರ್ಲಿಲ್ಲ ಅನ್ನಿಸ್ತದೆ.”

ಉತ್ತರ ಸರಿಯಾಗಿದ್ದುದರಿಂದ ಪ್ರಮಾಣಪತ್ರದ ಮೇಲೆ ಮೊಹರು ಬಿತ್ತು, ಅವಳ ಹಿಂದೆ ನಿಂತಿದ್ದ ಊರವರ ಪತ್ರಗಳ ಮೇಲೂ ಬಿತ್ತು. ಮೊಹರು ಬಿದ್ದ ಮೇಲೆ ಅಧ್ಯಕ್ಷರೂ ಏನೂ ಮಾಡುವಂತಿರಲಿಲ್ಲ.

ಚಪ್ಪಡಿ ಸರಿಸಿದರು. ಒಳಗಿನ ಕೆಟ್ಟ ಗಾಳಿ ಹೋಗಲು ಬಿಟ್ಟು, ವಾಡಿಕೆಯಂತೆ ಕಂದೀಲು ಇಳಿಬಿಟ್ಟರು, ದೀಪ ಆರಲಿಲ್ಲ. ನಿಯಮದಂತೆ ಹಾಡೂ ಆಗಬೇಕಿತ್ತು. ಉಡಚಮ್ಮನಿಗೆ ಚಿತ್ರದ ಹಾಡು ನೆನಪಾಗಲಿಲ್ಲ. ಬೀಸುವಾಗ ಹೇಳುವ ಪದವೊಂದನ್ನು ಹೇಳುತ್ತಾ ಹಗ್ಗ ಹಿಡಿದು ಇಳಿದಳು. ಅರ್ಧಕ್ಕೆ ಪದ ನಿಂತಿತು.

“ಯಪ್ಪಾ! ಜೋಳ ಇಲ್ಲ! ಒಂದು ಕಾಳೂ ಇಲ್ಲ!”

ಕೊಕ್ಕನೂರಿನವರು ಮುರುಗೇಶಪ್ಪನವರ ಕಡೆ ತಿರುಗಿದರು. ಆಮೇಲೆ ಅವರ ಕಾರಿನ ಕಡೆ ತಿರುಗಿದರು. ಮುರುಗೇಶಪ್ಪನವರು ಎದೆ ತಟ್ಟಿಕೊಂಡು ಗುಡುಗಿದರು:

“ನಾನು ಹೇಳಿರ್ಲಿಲ್ಲೇನು? ವಿಧ್ವಂಸಕ ಕೃತ್ಯ! ಶತ್ರು ಕೈಚಳಕ ತೋರಿಸ್ಯಾನ! ಸಮಿತಿ ಅವನನ್ನ ಬಿಡೋದಿಲ್ಲ!”

ಉಡಚಮ್ಮ ಮೇಲೆ ಬಂದು ಸೀರೆಯ ಮಣ್ಣು ಕೊಡವಿದಳು. ಅವಳಿಗೆ ಅಳು ಬಂದಿತ್ತು, ನುಂಗಿಕೊಂಡಳು. ಕರಿಬಸವರಾಜನನ್ನು ಕೇಳಿದಳು: “ವೀರರು ಮೇಲೆ ಬಂದ ಮ್ಯಾಲೆ ಏನು ಅಂತ ನಿಯಮದಾಗೆ ಐತೇನಪ್ಪ?”

“ಹೇಳಿಲ್ಲವ್ವ.”

“ಹೇಳದೆ ಬಿಟ್ಟಿದ್ದಕ್ಕೆ?”

ಕರಿಬಸವರಾಜ ಪ್ರಾಮಾಣಿಕ. ಗಂಟಲು ಸರಿಪಡಿಸಿಕೊಂಡು ತನ್ನ ವಾಕ್ಯವನ್ನು ಗಟ್ಟಿಯಾಗಿ ಓದಿದ. ಚಿತ್ರದಲ್ಲಿ ನಡೆದದ್ದನ್ನು ಇಡೀ ಊರೇ ನೋಡಿ ಬಂದಿತ್ತು.

ಸೋಮವಾರ ಓಬಕ್ಕನ ಮದುವೆಯ ಊಟ ಮುರುಗೇಶಪ್ಪನವರ ಮನೆಯಲ್ಲಿ ನಡೆಯಿತು. ಹೋಳಿಗೆ, ಅನ್ನ, ತುಪ್ಪ. ಬೀಗರು ರೊಟ್ಟಿ ಕೇಳಲೇ ಇಲ್ಲ. ಬಡಿಸುವಾಗ ಧಣಿ ಆನಂದಬಾಷ್ಪ ಸುರಿಸುವುದೂ ಚಿತ್ರದಲ್ಲಿದೆ ಎಂದು ಕಾರ್ಯದರ್ಶಿ ಜ್ಞಾಪಿಸಬೇಕೆಂದಿದ್ದ. ಜ್ಞಾಪಿಸುವ ಅಗತ್ಯ ಬೀಳಲಿಲ್ಲ.

ಆಮೇಲೆ ಎಲ್ಲವೂ ಕ್ರಮವಾಗಿ ನಡೆದುಕೊಂಡು ಬಂದಿದೆ. ಪ್ರತಿ ಸೋಮವಾರ ಕೊಕ್ಕನೂರಿನ ವೀರರು ಪದ ಹೇಳುತ್ತಾ ಹಗೇವಿಗೆ ಇಳಿದು ಶತ್ರುವನ್ನು ಹುಡುಕುತ್ತಾರೆ, ಸಿಗಲಿಲ್ಲವೆಂದು ಮೇಲೆ ಬರುತ್ತಾರೆ, ಮೇಲೆ ಬಂದ ಮೇಲೆ ಧಣಿಯ ಮನೆಯಲ್ಲಿ ಊಟ. ಅಪರಾಧಿ ಪತ್ತೆಯಾಗುವವರೆಗೆ ಶೋಧನೆ ಮುಂದುವರಿಯಬೇಕೆಂದು ಸಮಿತಿ ಸರ್ವಾನುಮತದಿಂದ ನಿರ್ಣಯಿಸಿದೆ.

“ಯಾರಂತ ಗೊತ್ತಾಯ್ತೇನ್ರಿ ಯಜಮಾನ್ರೇ?” ಎಂದು ಉಡಚಮ್ಮ ಎಲೆಯ ಮುಂದೆ ಕೂತು ವಿಚಾರಿಸುತ್ತಾಳೆ.

“ಇನ್ನೂ ಇಲ್ಲವ್ವ.”

“ಅವಸರ ಬ್ಯಾಡ್ರಿ. ನಿಧಾನಕ್ಕೆ ಹುಡುಕ್ರಿ,” ಎಂದು ಅವಳು ತುಪ್ಪಕ್ಕೆ ಕೈ ಒಡ್ಡುತ್ತಾಳೆ. ಅಧ್ಯಕ್ಷರು ಬಡಿಸುತ್ತಾರೆ.