ನಾನು ಇಳಿಯದ ಮೂರು ಬಂದರುಗಳು

ಮೇಘಾ, ತೇಜಸ್, ನಿಮ್ಮ ಅಜ್ಜಿ ಸುಳ್ಳು ಹೇಳುವವಳಲ್ಲ ಎಂದು ನೀವು ನಂಬಿದ್ದೀರಿ. ನಾನು ದಿನಕ್ಕೆ ಹತ್ತು ಸುಳ್ಳು ಹೇಳುತ್ತೇನೆ. ಹತ್ತೂ ಒಂದೇ ಸುಳ್ಳು: ‘ಬ್ಯಾಡ.’

ಸವದತ್ತಿ ಕಡೆಯ ನಮ್ಮ ಹಳ್ಳಿಯಲ್ಲಿ ಅದು ಸುಳ್ಳಾಗಿರಲಿಲ್ಲ, ಅರ್ಧ ಮಾತಾಗಿತ್ತು. ಉಳಿದರ್ಧ ಎದುರಿನವರ ಬಾಯಲ್ಲಿರುತ್ತಿತ್ತು. ಚಹಾ ಕೊಟ್ಟರೆ ‘ಬ್ಯಾಡ’ ಅನ್ನಬೇಕು. ಕೊಟ್ಟವರು ‘ಹಂಗಂದ್ರ ಹ್ಯಾಂಗ, ಕುಡೀರಿ, ಆರತೈತಿ’ ಅನ್ನಬೇಕು. ಎರಡನೆಯ ಬ್ಯಾಡ ತುಸು ಮೆತ್ತಗಿರುತ್ತದೆ. ಮೂರನೆಯದು ಬರುವಷ್ಟರಲ್ಲಿ ಕೈ ಬಟ್ಟಲ ಹತ್ತಿರ ಹೋಗಿರುತ್ತದೆ. ಮೊದಲ ಸಲಕ್ಕೇ ‘ಹೂಂ’ ಅಂದವರನ್ನು ಊರು ವಾರವಿಡೀ ಆಡಿಕೊಳ್ಳುತ್ತಿತ್ತು. ನಿಮ್ಮ ಅಜ್ಜ ನನ್ನನ್ನು ನೋಡಲು ಬಂದ ದಿನ ನಾಲ್ಕು ಸಲ ಬ್ಯಾಡ ಅಂದು ಐದು ತಟ್ಟೆ ಉಪ್ಪಿಟ್ಟು ತಿಂದರು. ಭಾಳ ಸಂಭಾವಿತ ಹುಡುಗ ಎಂದು ನಮ್ಮವ್ವ ಅವತ್ತೇ ಒಪ್ಪಿಬಿಟ್ಟಳು.

ಅವರು ತೀರಿಕೊಂಡ ಮೇಲೆ ನಿಮ್ಮಪ್ಪ ಪ್ರಕಾಶ ನನ್ನನ್ನು ಸಿಡ್ನಿಗೆ, ಗಿರಾವೀನ್‌ನ ನಿಮ್ಮ ಮನೆಗೆ ಕರೆತಂದ. ನಿಮ್ಮಮ್ಮ ವಿದ್ಯಾ ಬೆಂಗಳೂರಿನವಳು, ಆಫೀಸಿಗೆ ಹೋಗುವವಳು. ಮೊದಲ ರಾತ್ರಿಯ ಊಟಕ್ಕೆ ‘ಅತ್ತೆ, ಇನ್ನೊಂದು ಚಪಾತಿ ಹಾಕ್ಲಾ?’ ಅಂದಳು. ‘ಸಾಕವಾ’ ಅಂದೆ. ‘ಸರಿ ಅತ್ತೆ’ ಅಂದು ಡಬ್ಬಿಯ ಮುಚ್ಚಳ ಒತ್ತಿದಳು. ಆ ಮುಚ್ಚಳದ ಟಕ್ ಎಂಬ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಒಂದು ತಿಂಗಳು ಅರೆಹೊಟ್ಟೆಯಲ್ಲಿದ್ದು, ಆಮೇಲೆ ಬೇಕಾದಷ್ಟನ್ನು ಮೊದಲೇ ಬಡಿಸಿಕೊಳ್ಳುವುದನ್ನು ಕಲಿತೆ. ತಪ್ಪು ಅವಳದಲ್ಲ ಎಂದು ಬರೆಯುವಷ್ಟು ಒಳ್ಳೆಯವಳಲ್ಲ ನಾನು. ಯಾರದೆಂದು ಹೇಳಲೂ ಬಾರದು.

ಹೀಗಿರುವಾಗ ನಿಮ್ಮಪ್ಪ ಕ್ರೂಸ್ ಬುಕ್ ಮಾಡಿದ. ಹಾಂಗ್‌ಕಾಂಗ್‌ವರೆಗೆ ವಿಮಾನ, ಅಲ್ಲಿಂದ ಹಡಗು. ಶಾಂಘೈ, ಬುಸಾನ್, ನಾಗಾಸಾಕಿ. ನನ್ನದು ಇಂಡಿಯಾದ ಪಾಸ್‌ಪೋರ್ಟ್ ಆದ್ದರಿಂದ ಎರಡು ದಿನ ರಜೆ ಹಾಕಿ, ಆಫೀಸಿನಿಂದ ಆಫೀಸಿಗೆ ಓಡಾಡಿ ನನ್ನ ವೀಸಾ ಮಾಡಿಸಿದ. ಆಗಲೂ ನಾನು ‘ನಂಗ್ಯಾಕೋ’ ಅಂದಿದ್ದೆ. ಟಿಕೆಟ್ಟು ಮೊದಲೇ ತೆಗೆದಿದ್ದನಾದ್ದರಿಂದ ಬಚಾವಾದೆ.

ನನಗೆ ಬೇಕಿದ್ದದ್ದು ನಾಗಾಸಾಕಿಯೊಂದೇ. ಊರ ಶಾಲೆಯಲ್ಲಿ ಆರನೇ ಇಯತ್ತೆಯಲ್ಲಿದ್ದಾಗ ಮಾಸ್ತರರು ಜಪಾನಿನ ಮನೆಗಳಿಗೆ ಕಾಗದದ ಗೋಡೆ ಎಂದು ಪಾಠ ಮಾಡಿದರು. ನಾನು ಎದ್ದುನಿಂತು ‘ಮಳಿ ಬಂದ್ರ ಹ್ಯಾಂಗ್ರಿ ಸರ?’ ಅಂದೆ. ಇಡೀ ವರ್ಗ ನಕ್ಕಿತು, ಮಾಸ್ತರರೂ ನಕ್ಕರು. ಉತ್ತರ ಯಾರೂ ಹೇಳಲಿಲ್ಲ. ಶಾಲೆಯಲ್ಲಿ ನಾನು ಕೇಳಿದ ಕಡೆಯ ಪ್ರಶ್ನೆ ಅದೇ; ಮುಂದೆ ಗಂಡನ ಮನೆಯಲ್ಲೂ ಹೆಚ್ಚು ಕೇಳಲಿಲ್ಲ. ಹಡಗಿನವರು ಕೊಟ್ಟ ಪುಸ್ತಕದಲ್ಲಿ ನಾಗಾಸಾಕಿಯ ಪುಟದ ಮೇಲೆ ಅಂಥದೇ ಒಂದು ಹಳೆಯ ಮನೆಯ ಚಿತ್ರವಿತ್ತು. ಹರಿದು ಪರ್ಸಿನಲ್ಲಿಟ್ಟುಕೊಂಡೆ.

ಶಾಂಘೈ ಬಂತು. ‘ಅವ್ವಾ, ಬರ್ತೀಯೇನು? ಭಾಳ ನಡ್ಯೂದೈತಿ’ ಎಂದ ಪ್ರಕಾಶ.

‘ನಂಗ್ಯಾಕಪಾ, ನೀವ ಹೋಗಿ ಬರ್ರಿ.’

‘ಹಂಗಾರ ಆರಾಮ ಇರು.’

ಬಾಗಿಲು ಮುಚ್ಚಿತು. ಎರಡನೆಯ ಕರೆ ಬರುತ್ತದೆಂದು ನಾನಾಗಲೇ ಒಂದು ಕಾಲಿಗೆ ಕಾಲುಚೀಲ ಏರಿಸಿದ್ದೆ. ಇನ್ನೊಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ. ಬುಸಾನ್‌ನಲ್ಲಿ ‘ಅವ್ವಾ, ಇವತ್ತರ?’ ಎಂದು ಕೇಳಿದ. ನಾನು ತುಸು ಮೆತ್ತಗೆ, ‘ಮಣಕಾಲು ಒಂದೀಟು...’ ಅಂದೆ. ಮಾತು ಮುಗಿಸಲು ಅವನು ಬಿಡಲಿಲ್ಲ. ಮಲಗು ಎಂದು ಹೇಳಿ ಹೋದ. ನನ್ನ ಮಣಕಾಲು ಗಟ್ಟಿಮುಟ್ಟಾಗಿವೆ. ಬುಸಾನ್ ಹೇಗಿದೆ ಎಂದು ಯಾರಾದರೂ ಕೇಳಿದರೆ, ಅಲ್ಲಿ ನಾಲ್ಕು ಕ್ರೇನುಗಳಿವೆ, ಒಂದು ಕೆಟ್ಟಿದೆ ಎಂದು ಖಚಿತವಾಗಿ ಹೇಳಬಲ್ಲೆ.

ನಾಗಾಸಾಕಿಯ ದಿನ ಮಾನ ಬಿಟ್ಟು ಮೊದಲ ಸಲಕ್ಕೇ ಹೂಂ ಅನ್ನುವುದೆಂದು ನಿರ್ಧರಿಸಿದೆ. ಬೆಳಿಗ್ಗೆಯೇ ಇಳಕಲ್ ಸೀರೆ ಉಟ್ಟು, ಬೂಟು ಹಾಕಿ, ಪರ್ಸು ಹಿಡಿದು ಬಾಗಿಲ ಬಳಿ ಕೂತೆ. ಯಾರೂ ಕೇಳಲಿಲ್ಲ. ಪ್ರಕಾಶ ಬಾಯಿ ತೆರೆದದ್ದು ನಿಜ. ವಿದ್ಯಾ ಅವನ ತೋಳು ಹಿಡಿದು, ‘ಪಾಪ, ಅತ್ತೆಗೆ ಕಾಲುನೋವು. ದಿನಾ ಕೇಳಿ ಅವರನ್ನ ಸಂಕೋಚಕ್ಕೆ ಸಿಕ್ಕಿಸ್ಬೇಡಿ’ ಎಂದಳು. ತೇಜಸ್, ನೀನೊಬ್ಬನೇ ನನ್ನ ಬೂಟು ನೋಡಿದೆ. ‘ಅಜ್ಜಿ, ಗೋಯಿಂಗ್ ಫಾರ್ ಎ ವಾಕ್?’ ಅಂದೆ.

‘ಹೂಂ. ಮ್ಯಾಲೆ, ಡೆಕ್ಕಿನ ಮ್ಯಾಲೆ.’

ಇಡೀ ಪ್ರವಾಸದಲ್ಲಿ ನಾನು ಹೇಳಿದ ಒಂದೇ ಹೂಂ ಅದು.

ಡೆಕ್ಕಿನ ಮೇಲೆ ನಿಂತಿದ್ದಾಗ ಮಳೆ ಬಂತು. ಹನಿಯಲ್ಲ, ಸರಿಯಾದ ಮಳೆ. ಎದುರಿನ ಗುಡ್ಡದ ತುಂಬ ಮನೆಗಳು. ಐವತ್ತು ವರ್ಷ ಕಾದ ಪ್ರಶ್ನೆಗೆ ಅಲ್ಲೆಲ್ಲೋ ಉತ್ತರ ತೊಯ್ಯುತ್ತಿತ್ತೋ, ತೊಯ್ಯದೆ ಉಳಿದಿತ್ತೋ. ನಾನಂತೂ ತೊಯ್ದೆ.

ಸಂಜೆ ನೀವು ಬಂದಿರಿ. ಮೇಘಾ, ನಿನ್ನ ಕೈಯಲ್ಲಿ ನನಗೆಂದು ತಂದ ಕಾಗದದ ಬೀಸಣಿಕೆ ಇತ್ತು. ‘ಕಾಗದದ ಗೋಡಿ ನೋಡಿದ್ಯೇನ?’ ಅಂದೆ. ‘ಯಾ ಅಜ್ಜಿ, ಸೋ ಪ್ರಿಟಿ.’ ‘ಮಳಿ ಬಂತಲ್ಲ, ತೊಯ್ಯಲಿಲ್ಲೇನ?’ ನೀನು ನಕ್ಕುಬಿಟ್ಟೆ. ಆರನೇ ಇಯತ್ತೆ ನಕ್ಕ ಹಾಗೆಯೇ. ‘ಐ ಡಿಡಂಟ್ ಲುಕ್. ಯು ಶುಡ್ ಹ್ಯಾವ್ ಕಮ್.’

‘ಇನ್ನೊಮ್ಮೆ ಕರೆದಿದ್ರ ಬರ್ತಿದ್ದೆ.’

‘ಬಟ್ ಯು ಸೆಡ್ ನೋ, ಅಜ್ಜಿ.’

ನಾನು ಬೀಸಣಿಕೆಯನ್ನು ಇಸಿದುಕೊಂಡು ಬಿಡಿಸಿದೆ.

ಮುಂದಿನ ರಜೆಯಲ್ಲಿ ಮೆಲ್ಬರ್ನ್‌ಗೆ, ಟ್ರುಗನಿನಾದಲ್ಲಿರುವ ನಿಮ್ಮ ಸುನಂದತ್ತೆಯ ಮನೆಗೆ ಹೋದೆವು. ಟೀವಿಯಲ್ಲಿ ಪ್ರವಾಸದ ಫೋಟೋ ನೋಡುತ್ತ ಅವಳು, ‘ಅಲ್ಲೋ ಪ್ರಕಾಶ, ಅವ್ವ ಒಂದರಾಗೂ ಇಲ್ಲಲ್ಲ’ ಅಂದಳು.

‘ಅಕಿಗೆ ಹಡಗ ಸೇರಿತ್ತಕ್ಕಾ. ಕೆಳಗ ಇಳೀಲೇ ಇಲ್ಲ.’

‘ಹೌದೇನಬೇ?’

‘ಹೌದವಾ. ಗಾಳಿ ಚಲೋ ಇತ್ತು.’

ಸುನಂದಾ ನನ್ನ ಮುಖ ನೋಡಿದಳು. ಊಟಕ್ಕೆ ಕೂತಾಗ ನಾನು ಬ್ಯಾಡ ಬ್ಯಾಡ ಅಂದರೂ ಕೇಳದೆ ಮೂರನೆಯ ಹೋಳಿಗೆ ಹಾಕಿ ತುಪ್ಪ ಸುರಿದಳು. ಎಷ್ಟೋ ವರ್ಷದ ಮೇಲೆ ನನ್ನ ಮಾತನ್ನು ಪೂರ್ತಿ ಮಾಡುವವರು ಸಿಕ್ಕಿದ್ದರು. ಆದರೆ ಹೊಟ್ಟೆ ತುಂಬಿತ್ತು. ಆ ಹೊತ್ತಿಗೆ ನನಗೆ ನಿಜವಾಗಿಯೂ ಬೇಡವಾಗಿತ್ತು.

ನನ್ನ ಪಾಸ್‌ಪೋರ್ಟಿನಲ್ಲಿ ಮೂರು ದೇಶದ ವೀಸಾ ಇವೆ. ಬೂಟಿನ ಅಡಿ ಇನ್ನೂ ಹೊಸದಾಗಿದೆ. ಈ ಹಾಳೆಗಳನ್ನು ಮಡಿಸಿ ನಿಮಗೆ ಕೊಡುವಾಗ ‘ಇಟ್ಟುಕೊಳ್ಳದಿದ್ದರೂ ನಡೀತದ, ಅಜ್ಜಿ ಏನೋ ಗೀಚ್ಯಾಳ’ ಎಂದು ಖಂಡಿತ ಅನ್ನುತ್ತೇನೆ. ನಂಬಬೇಡಿ. ಬಾಯಿಗೆ ಬಾರದ್ದನ್ನು ಇಲ್ಲಿ ಮೊದಲ ಸಲಕ್ಕೇ ಬರೆದಿಡುತ್ತಿದ್ದೇನೆ: ಜೋಪಾನವಾಗಿ ಇಟ್ಟುಕೊಳ್ಳಿ.