ಸುಟ್ಟ ಇಂಜಿನ್ನಿಗೆ ಸುಳಿ ಹುಡುಕಿದವರು

ನಮ್ಮ ಭಾವನವರು ಆತುರದ ಮನುಷ್ಯರಲ್ಲ. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ! ಮಳೆಗಾಲಕ್ಕೊಂದು ಛತ್ರಿ ಬೇಕೆಂದು ಕಲ್ಯಾಣದಿಂದ ಹುಮನಾಬಾದಿನ ಬಜಾರಕ್ಕೆ ಬಂದವರು ಬಟ್ಟೆ ನೋಡಿದರು, ಕಡ್ಡಿ ನೋಡಿದರು, ಹಿಡಿಕೆ ನೋಡಿದರು, ವಿಚಾರ ಮಾಡುತ್ತೇನೆಂದು ಊರಿಗೆ ಹೋದರು. ಮತ್ತೆ ಬಂದು ಕೊಂಡಾಗ ಶಿವರಾತ್ರಿ ಕಳೆದಿತ್ತು. "ಬಿಸಲಿಗೂ ಬರ್ತದ ಬಿಡು ತಮ್ಮಾ" ಎಂದರು.

ಎತ್ತು ಕೊಳ್ಳಲು ಹೊರಟರಂತೂ ಮುಗಿದೇ ಹೋಯಿತು. ಸಂತೆಯಲ್ಲಿ ಅವರ ರುಮಾಲು ಕಂಡ ಕೂಡಲೇ ದಲ್ಲಾಳಿಗಳು ಎತ್ತುಗಳ ಮರೆಗೆ ಸರಿಯುತ್ತಿದ್ದರು. ಹಲ್ಲು ನೋಡಬೇಕು, ಮೈಮೇಲಿನ ಸುಳಿ ನೋಡಬೇಕು, ಗೊರಸು, ಬಾಲದ ತುದಿ, ಕೊನೆಗೆ ಎತ್ತಿನ ಮನಸ್ಸು! "ಇದರ ಮಾರಿ ಮ್ಯಾಲ ಏನೋ ಚಿಂತಿ ಕಾಣಸ್ತದಲ್ಲ?" ಎಂದು ಕೇಳಿದರೆ ಮಾರುವವನು ಏನು ಹೇಳಬೇಕು? ಇವರ ಕೈಗೆ ಸಿಕ್ಕ ಮೇಲೆ ಯಾವ ಎತ್ತಿಗೆ ಚಿಂತೆ ಹತ್ತುವುದಿಲ್ಲ?

ಇಂಥವರು ನನ್ನ ಅಕ್ಕನನ್ನು ಲಗ್ನವಾದದ್ದು ಹೇಗೆಂದು ನಮ್ಮ ಬಳಗಕ್ಕೆ ಇವತ್ತಿಗೂ ಆಶ್ಚರ್ಯ. ಅಕ್ಕ ಹುಡುಗಿಯಾಗಿದ್ದಾಗ ಒಲೆಯ ಬೆಂಕಿ ಸೆರಗಿಗೆ ಹತ್ತಿ ಎಡಗೈ ಸುಟ್ಟಿತ್ತು. ಎರಡು ಬೆರಳು ಮಡಚುವುದಿಲ್ಲ. ನೋಡಲು ಬಂದವರು ಆ ಕೈ ಕಂಡು, ಮುಂದಿಟ್ಟ ಅವಲಕ್ಕಿ ತಿಂದು, ಊರಿಗೆ ಹೋಗಿ ತಿಳಿಸುತ್ತೇವೆ ಎನ್ನುತ್ತಿದ್ದರು. ತಿಳಿಸುತ್ತಿರಲಿಲ್ಲ. ಭಾವನವರು ಮಾತ್ರ ಪಡಸಾಲೆಯಲ್ಲಿ ಕುಳಿತಲ್ಲೇ "ಆಗಲಿ" ಎಂದುಬಿಟ್ಟರು. ಅವರ ತಂದೆಯವರೇ ಬೆಚ್ಚಿಬಿದ್ದರಂತೆ! ಜೀವಮಾನದ ಆತುರವನ್ನೆಲ್ಲ ಅವರು ಅವತ್ತೇ ಖರ್ಚು ಮಾಡಿಬಿಟ್ಟರು ಎಂದು ನಾನು ತಿಳಿದಿದ್ದೆ.

ಇಂಥವರ ಕಣ್ಣು ಒಂದು ಸುಟ್ಟ ಇಂಜಿನ್ನಿನ ಮೇಲೆ ಬಿತ್ತು.

ದೊಡ್ಡ ಯುದ್ಧ ನಡೆದಿದ್ದ ಕಾಲ. ನಾನು ಹುಮನಾಬಾದಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಊರ ಹೊರಗೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನೊಂದಿತ್ತು. ಅದಕ್ಕೆ ಬೆಂಕಿ ಬಿದ್ದು ಹತ್ತಿಯ ರಾಶಿ, ಛಾವಣಿ ಎಲ್ಲ ಬೂದಿಯಾಯಿತು. ನಡುವೆ ಎಣ್ಣೆ ಇಂಜಿನ್ ಒಂದೇ ಆಳೆತ್ತರದ ಗಾಲಿ ಹೊತ್ತು ಕರ್ರಗೆ ನಿಂತಿತ್ತು. ಯುದ್ಧದ ದೆಸೆಯಿಂದ ಹೊಸ ಇಂಜಿನ್ ಎಲ್ಲೂ ಸಿಗುತ್ತಿರಲಿಲ್ಲ. ಇದನ್ನೇ ಕೊಂಡು, ರಿಪೇರಿ ಮಾಡಿಸಿ, ಕಲ್ಯಾಣದಲ್ಲಿ ಹಿಟ್ಟಿನ ಗಿರಣಿ ಹಾಕಬೇಕೆಂದು ಭಾವನವರಿಗೆ ಹೊಳೆಯಿತು. ಕೊಳ್ಳಬೇಕಾದರೆ, ಅಷ್ಟೆಲ್ಲ ನೋಡಿ ಕೊನೆಗೂ ಕೊಂಡಿದ್ದ ಆ ಚಿಂತೆಯ ಮುಖದ ಎತ್ತಿನ ಜೋಡಿಯನ್ನೇ ಮಾರಬೇಕು. ಇಂಜಿನ್ ತಿರುಗದಿದ್ದರೆ ಗಿರಣಿಯೂ ಇಲ್ಲ, ಉಳುವುದಕ್ಕೆ ಎತ್ತೂ ಇಲ್ಲ!

"ಈ ಉಸಾಬರಿ ನಿಮಗ್ಯಾಕ್ರಿ ಭಾವ?" ಎಂದು ಕೇಳಿದೆ.

"ದುನಿಯಾ ಬದಲಾಗಾಕತ್ತದ ತಮ್ಮಾ" ಎಂದರು. ಛತ್ರಿ ಬಿಚ್ಚುವಷ್ಟರಲ್ಲಿ ಮಳೆಗಾಲವನ್ನೇ ದಾಟಿಸಿದವರಿಗೆ ದುನಿಯಾದ ಗಡಿಬಿಡಿ ಯಾವಾಗ ಹತ್ತಿತೋ!

ಮುಂದೆ ಪ್ರತಿ ಸಂತೆಗೂ ಅವರ ಸವಾರಿ ಬರತೊಡಗಿತು. ಊಟ ನಮ್ಮ ಮನೆಯಲ್ಲಿ, ಇಂಜಿನ್ ನೋಡುವುದು ಜಿನ್ನಿನಲ್ಲಿ. ಮೊದಲ ಸಲ ನಾನೂ ಹೋಗಿದ್ದೆ. ಭಾವನವರು ಇಂಜಿನ್ನಿನ ಸುತ್ತ ತಿರುಗಿದರು. ಬೆನ್ನು ಚಪ್ಪರಿಸಿದರು. ಬಗ್ಗಿ ಹೊಟ್ಟೆಯ ಕೆಳಗೆ ನೋಡಿದರು. ಬಾಯಿ ಎಂದು ಅವರಿಗೆ ತೋಚಿದ ಕಡೆ ಕೈ ಹಾಕಿ, ಮೊಣಕೈವರೆಗೆ ಮಸಿ ಮಾಡಿಕೊಂಡು ಹೊರತೆಗೆದರು. ಜಿನ್ನಿನ ಮುನೀಮ ಮುಂಬಯಿ ಕಡೆಯವನು, ತಣ್ಣನೆಯ ಮನುಷ್ಯ. ಅವನಿಗೆ ಕೇಳಿದರು:

"ವಯಸ್ಸೆಷ್ಟ್ರಿ ಇದರದು?"

"ಹಳೇದಲ್ಲರಿ."

"ಒದಿತದೇನು?"

"ಚಾಲೂ ಮಾಡೋವಾಗ ಜರಾ ಒದಿತದ" ಎಂದ ಮುನೀಮ, ಪ್ರಾಮಾಣಿಕವಾಗಿ.

ಭಾವನವರು ತಲೆದೂಗಿದರು. ಒದೆಯುವುದನ್ನು ಮುಚ್ಚಿಡದ ಮಾರಾಟಗಾರ ಸಿಕ್ಕಿದ್ದು ಅವರಿಗೆ ಅದೇ ಮೊದಲು. ಆ ಸಂತೋಷದಲ್ಲಿ, ದನದ ಸಂತೆಯಲ್ಲಿ ಮಾಡುವಂತೆ, ಹೆಗಲ ಮೇಲಿನ ವಸ್ತ್ರ ಕೈಮೇಲೆ ಹೊದಿಸಿ ಮುಂದೆ ಚಾಚಿದರು. ನಮ್ಮ ಕಡೆ ವಸ್ತ್ರದೊಳಗೆ ಕೈಬೆರಳು ಒತ್ತಿಯೇ ದರ ಕುದುರಿಸುವುದು. ನೋಡುವವರಿಗೆ ತಿಳಿಯಬಾರದು ನೋಡಿ. ಮುನೀಮನಿಗೆ ಇದೇನು ಗೊತ್ತು? ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದು, "ನಾಡಿ ನೋಡಾಕ ನಾ ಹಕೀಮ ಅಲ್ಲರಿ ಸಾಹುಕಾರ್ರ!" ಎಂದ.

ಆಮೇಲೆ ಊರೂರ ಜನರ ಅಭಿಪ್ರಾಯ ಕೇಳುವ ಕಾರ್ಯಕ್ರಮ. ಮಂಠಾಳದ ಬೀಗರು "ತಗೋರಿ, ಚಲೋ ಆಗ್ತದ" ಎಂದರು. ಇಷ್ಟು ಬೇಗ ಹೇಳುತ್ತಾರೆಂದರೆ ಇವರಿಗೇನೋ ಲಾಭವಿರಬೇಕು ಎಂದು ಭಾವನವರಿಗೆ ಸಂಶಯ. ಕೊಹಿನೂರು ಹಳ್ಳಿಯ ಗೆಳೆಯನೊಬ್ಬ "ಸುಟ್ಟ ಕಬ್ಬಣ ಮನಿಗಿ ತರಬ್ಯಾಡ" ಎಂದ. ಬೇಡ ಎನ್ನುತ್ತಾನೆಂದರೆ ತಾನೇ ಕೊಳ್ಳುವ ಯೋಚನೆ ಇರಬೇಕು ಎಂದು ಇನ್ನೊಂದು ಸಂಶಯ. ಈ ನಡುವೆ ಗಿರಣಿಯ ಬಾಗಿಲು ಮೂಡಲಿಗಿರಬೇಕೋ ಪಡುವಲಿಗೋ ಎಂಬ ಚರ್ಚೆಯೂ ನಡೆದಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ!

ಮುನೀಮನ ತಾಳ್ಮೆಗೂ ಒಂದು ಮಿತಿ ಇತ್ತು. ಒಂದು ದಿನ ನನ್ನ ಅಂಗಡಿಗೇ ಬಂದು, "ನಿಮ್ಮ ಭಾವಗ ಹೇಳ್ರಿ. ಬರೋ ಸಂತಿಗಿ ಮೋಡಕಾದವರು, ಹಳೇ ಕಬ್ಬಣ ಕೊಳ್ಳೋರು, ಬರ್ತಾರ. ಒಡದು ತೂಕಕ್ಕ ಒಯ್ತಾರ" ಎಂದ. ಹೇಳಿ ಕಳಿಸಿದೆ. ಪೀಡೆ ತೊಲಗಿತು ಎಂದುಕೊಂಡೆ. ಆದರೆ ಸಂತೆಯ ಹಿಂದಿನ ದಿನವೇ ಭಾವನವರ ಬಂಡಿ ಬಂತು, ಅದರಲ್ಲಿ ಅಕ್ಕನೂ ಇದ್ದಳು!

"ಅಕಿನೂ ಒಂದು ಸಲ ನೋಡಲಿ" ಎಂದರು.

ಅಕ್ಕ ಬೆಳಗಾಗುವ ಮುಂಚೆ ಎದ್ದು, ಬೀಸುಕಲ್ಲಿನಲ್ಲಿ ಜೋಳ ಬೀಸಿ, ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಜಿನ್ನಿನಲ್ಲಿ ಇಂಜಿನ್ನಿನ ಮುಂದೆ ನಿಂತು ಸ್ವಲ್ಪ ಹೊತ್ತು ನೋಡಿದಳು. ಗಂಡ ಎತ್ತು ಕೊಳ್ಳುವವರಾದರೆ ಹೆಂಡತಿ ಗಡಿಗೆ ಕೊಳ್ಳುವವಳು. ಬಾರಿಸಿ ನೋಡದೆ ಅವಳು ಯಾವುದನ್ನೂ ಮನೆಗೆ ತಂದವಳಲ್ಲ. ಬಲಗೈಯಲ್ಲಿ ಸೆರಗು ಹಿಡಿದಿದ್ದಳು. ಬಿದ್ದಿದ್ದ ಬೋಲ್ಟೊಂದನ್ನು ಎಡಗೈಯಿಂದ ಎತ್ತಹೋದಳು. ಜಾರಿ ಬಿತ್ತು. ಮತ್ತೆ ಎತ್ತಹೋದಳು, ಮತ್ತೆ ಜಾರಿತು. ಭಾವನವರು ಬಗ್ಗಿ ಅದನ್ನೆತ್ತಿ ಅವಳ ಬಲಗೈಗೆ ಕೊಟ್ಟರು.

ಅಕ್ಕ ಗಾಲಿಗೆ ಬಾರಿಸಿದಳು. ಠಣ್ ಎಂದು ಗುಡಿಯ ಗಂಟೆಯಂತೆ ನುಡಿಯಿತು. ಹೊಟ್ಟೆಗೆ ಬಾರಿಸಿದಳು. ಥಪ್ ಎಂದಿತು. ಇನ್ನೊಮ್ಮೆ ಬಾರಿಸಿದರೂ ಥಪ್.

"ಇದು ಸೀಳ್ಯಾದ್ರಿ. ಗಡಿಗಿ ಆಗಿದ್ರ ನಾ ಮುಟ್ತಿದ್ದಿಲ್ಲ. ಬ್ಯಾಡ್ರಿ" ಎಂದಳು.

ಮುನೀಮ ಮುಖ ತಿರುಗಿಸಿದ. ನಾನು ನಿಟ್ಟುಸಿರು ಬಿಟ್ಟೆ. ಎತ್ತು ಉಳಿದವು, ಹೊಲ ಉಳಿಯಿತು, ನಮ್ಮ ಮನೆಯ ಊಟವೂ ಉಳಿಯಿತು! ಭಾವನವರು ಇಂಜಿನ್ ಕಡೆ ನೋಡುತ್ತಲೇ ಇರಲಿಲ್ಲ. ಅಕ್ಕ ಎಡಗೈಯನ್ನು ಸೆರಗಿನೊಳಗೆ ಸೇರಿಸಿಕೊಳ್ಳುತ್ತಿದ್ದಳು, ಅದನ್ನು ನೋಡುತ್ತಿದ್ದರು.

"ಮುನೀಮ್ರ, ನಾ ತಗೊಂಡೆ" ಎಂದರು.

ಸುಳಿಯೆಲ್ಲ ನೋಡಿ, ಹಲ್ಲೆಲ್ಲ ಹುಡುಕಿ, ಊರೆಲ್ಲ ಕೇಳಿ, ಕೊನೆಗೆ ಒಡೆದಿದೆ ಎಂದು ಖಾತ್ರಿಯಾದ ಮೇಲೆ ಕೊಂಡ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ, ನಮ್ಮ ಭಾವನವರು!

ಹುಮನಾಬಾದಿನಿಂದ ಕಲ್ಯಾಣದವರೆಗೆ ಆ ಕರಿಯ ಭೂತವನ್ನು ಎಳೆದದ್ದು ಊರವರ ಹಲವು ಜೋಡಿ ಎತ್ತುಗಳು. ಎಲ್ಲಕ್ಕಿಂತ ಮುಂದೆ ಭಾವನವರ ಮಾರಾಟವಾದ ಜೋಡಿ. ಮನೆಯ ಮುಂದೆ ಅಕ್ಕ, ಹೊಸ ಎತ್ತು ಬಂದರೆ ಮಾಡುವಂತೆ, ಗಾಲಿಗೆ ನೀರು ಹಾಕಿ ಆರತಿ ಬೆಳಗಿದಳು. ಮರುದಿನ ಕೊಂಡವನು ಎತ್ತು ಹೊಡೆದುಕೊಂಡು ಹೋಗುವಾಗ ಭಾವನವರು ಅವುಗಳ ಕೊರಳ ಗೆಜ್ಜೆಸರ ಬಿಚ್ಚಿಟ್ಟುಕೊಂಡರು. ಅವತ್ತು ಊಟ ಮಾಡಲಿಲ್ಲ.

ಸೊಲ್ಲಾಪುರದಿಂದ ಮಿಸ್ತ್ರಿ ಬಂದ. ಸೀಳಿದ್ದು ಇಂಜಿನ್ ತಂಪಿಡುವ ನೀರಿನ ಹೊರಗೋಡೆ ಮಾತ್ರ, ಒಳಗಿನದು ಗಟ್ಟಿಯಿದೆ ಎಂದ. ಸೀಳಿನ ಮೇಲೆ ಕಬ್ಬಿಣದ ಪಟ್ಟಿ ಬಡಿದು ಬೋಲ್ಟು ಬಿಗಿದ. ಕರಗಿಹೋದ ಬೇರಿಂಗುಗಳನ್ನು ಹೊಸದಾಗಿ ಹೊಯ್ದ. ಮೊದಲ ಸಲ ಚಾಲೂ ಮಾಡಿದಾಗ ಇಂಜಿನ್ ಮುನೀಮನ ಮಾತಿನಂತೆ ಒದೆಯಿತು. ಮಿಸ್ತ್ರಿಯ ಟೋಪಿ ಬೇಲಿಯ ಮೇಲೆ ಸಿಕ್ಕಿತು. ಮತ್ತೆ ತಿರುಗಿಸಿದಾಗ ಕೆಮ್ಮಿತು, ಉಗುಳಿತು, ಓಣಿಯ ನಾಯಿಗಳನ್ನೆಲ್ಲ ಓಡಿಸಿತು. ಕೊನೆಗೆ ಡುಗ್ ಡುಗ್ ಎಂದು ನಡೆಯಿತು. ಪಟ್ಟಿಯ ಅಂಚಿನಲ್ಲಿ ನೀರು ಜಿನುಗುತ್ತಲೇ ಇತ್ತು. "ದುಡಿಯಾಕತ್ತದ, ಬೆವರಲಾರದೇ ಇರ್ತದೇನು?" ಎಂದು ಭಾವನವರು ಅದನ್ನು ತಮ್ಮ ವಸ್ತ್ರದಿಂದ ಒರೆಸಿ, ಮೇಲೊಂದು ಮೊಳೆಗೆ ಆ ಗೆಜ್ಜೆಸರ ತೂಗುಹಾಕಿದರು.

ಮೊದಲು ಬೀಸಿದ್ದು ಮನೆಯ ಜೋಳ. ಅಕ್ಕ ಬಿಸಿ ಹಿಟ್ಟಿನ ಬುಟ್ಟಿ ಮುಂದಿಟ್ಟುಕೊಂಡು ಗಿರಣಿಯ ಕಟ್ಟೆಯ ಮೇಲೆ ಕುಳಿತಿದ್ದಳು. ನಾನು ಕೇಳಿಯೇಬಿಟ್ಟೆ:

"ಅಲ್ಲಕ್ಕ, ನೀನೇ ಬ್ಯಾಡ ಅಂದ ಮ್ಯಾಲ ಭಾವ ಅಷ್ಟು ಲಗೂ ಹ್ಯಾಂಗ ತಗೊಂಡ್ರು?"

ಅಕ್ಕ ನಕ್ಕಳು. "ಲಗ್ನದಾಗೂ ಹಂಗೇ ಅಲ್ಲೇನು? ನೋಡಾಕ ಬಂದವರೆಲ್ಲ ಈ ಕೈ ಹ್ಯಾಂಗ ಸುಟ್ತು, ಕೆಲಸಕ್ಕ ಬರ್ತದೋ ಇಲ್ಲೋ, ಅದೇ ಕೇಳ್ತಿದ್ರು. ಇವರು ಒಬ್ಬರೇ 'ನೋಯ್ತದೇನು?' ಅಂತ ಕೇಳಿದ್ರು."

"ನೀ ಏನಂದಿ?"

"ಇಲ್ಲ ಅಂದೆ." ಅಕ್ಕ ಬಲಗೈಯಿಂದ ಬುಟ್ಟಿಯ ಹಿಟ್ಟು ಸಮ ಮಾಡಿದಳು. "ಬೀಸಿದಾಗೆಲ್ಲ ಕೇಳ್ತಾರ. ಬೀಸಿದಾಗೆಲ್ಲ ನಾ ಇಲ್ಲ ಅಂತೀನಿ. ಸುಳ್ಳು ಅಂತ ಅವರಿಗಿ ಗೊತ್ತದ."

ಇಷ್ಟು ವರ್ಷ ನಾನು ಈ ಮನುಷ್ಯನನ್ನು ನೋಡಿ ನಕ್ಕಿದ್ದೇ ನಕ್ಕಿದ್ದು; ನಮ್ಮ ಅಕ್ಕನ ಕೈ ನೋಯುತ್ತದೆಯೇ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಒಳಗಿನಿಂದ ಭಾವನವರು ಹೊರಗೆ ಬಂದರು. ರುಮಾಲು, ಮೀಸೆ, ಹುಬ್ಬು ಎಲ್ಲ ಹಿಟ್ಟು. ಇಂಜಿನ್ನಿನ ಸದ್ದಿನಲ್ಲಿ ಅಕ್ಕನ ಕಡೆ ಏನೋ ಕೂಗಿ ಕೇಳಿದರು. ನನಗೆ ಒಂದು ಮಾತೂ ಕೇಳಿಸಲಿಲ್ಲ. ಅಕ್ಕ ಎಡಗೈಯನ್ನು ಸೆರಗಿನಿಂದ ಹೊರಗೆ ತೆಗೆದಳು, ಮೇಲೆತ್ತಿ, ಇಲ್ಲ ಎಂದು ಆಡಿಸಿದಳು. ಭಾವನವರು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ಈ ಸಲ ನಂಬಿ, ಒಳಗೆ ಹೋದರು.